ಹಬೆಯ ನೀರು ಹಿಡಿಯುತ್ತಿದ್ದ ವಿತುತ್ಸಾ

ವಿತುತ್ಸಾಳ ಬಲಗೈಯ ಮೂರು ಬೆರಳಿಗೆ ಉಗುರು ನೆಟ್ಟಗೆ ಬೆಳೆಯುವುದಿಲ್ಲ. ಆರು ವರ್ಷದವಳಿದ್ದಾಗ ಬೆಟ್ಟದ ಹಬೆ ಉಗುಳುವ ಬಾಯಿಗೆ ಕೈ ಹಾಕಿದ್ದಳು. ಅಪ್ಪ ಮೊಮ್ಮೊ ಎಳೆದುಕೊಂಡು, ಬೆಂದ ಕೈಗೆ ಎಣ್ಣೆ ಹಚ್ಚಿ, ಕೆನ್ನೆಗೊಂದು ಬಿಟ್ಟು, "ಇವತ್ತು ಕಲಿತೆ. ನಾಳೆಯಿಂದ ಸೊಪ್ಪು ಹೊರು" ಅಂದನಂತೆ. ಅವತ್ತಿನಿಂದ ಅರವತ್ತೈದು ವರ್ಷ ಅವಳು ಸೊಪ್ಪು ಹೊತ್ತಳು.

ನಮ್ಮ ಪಾಂಟೆಲ್ಲೇರಿಯಾ ದ್ವೀಪದಲ್ಲಿ ಹೊಳೆಯಿಲ್ಲ, ಸಿಹಿನೀರಿನ ಬುಗ್ಗೆಯೂ ಇಲ್ಲ. ಗುಮ್ಮಟದ ಮಾಡಿನ ಮೇಲೆ ಬಿದ್ದ ಮಳೆ ಮನೆಯ ಕೆಳಗಿನ ನೆಲತೊಟ್ಟಿಗೆ ಇಳಿಯುತ್ತದೆ. ಅದು ಮನುಷ್ಯರ ನೀರು. ಅಕ್ಟೋಬರಿನಲ್ಲಿ ತುಂಬಿದ್ದನ್ನು ಮುಂದಿನ ಅಕ್ಟೋಬರಿನವರೆಗೆ ಎಳೆಯಬೇಕು. ಅದನ್ನು ಮೇಕೆಗೆ ಹಾಕುವವನನ್ನು ಹೆಂಡತಿ ಮನೆಯೊಳಗೆ ಸೇರಿಸುವುದಿಲ್ಲ.

ಮೇಕೆಗಳಿಗೆ ಇದ್ದದ್ದು ಹಬೆ. ವಿತುತ್ಸಾಳ ಮನೆಯ ಮೇಲಿನ ಇಳಿಜಾರಿನಲ್ಲಿ ಬಂಡೆ ಬಿರಿದು, ಒಳಗಿನ ಬೆಂಕಿಯ ಉಸಿರು ಹೊರಗೆ ಬರುತ್ತದೆ. ಫವಾರ ಅನ್ನುತ್ತೇವೆ. ಆ ಬಿರುಕಿನ ಮೇಲೆ ಸೊಪ್ಪಿನ ಗುಡ್ಡೆ ಒಟ್ಟಬೇಕು. ಬುಡ ಮೇಲೆ, ಎಲೆ ಕೆಳಗೆ. ತಲೆಕೆಳಗಾಗಿ ಒಟ್ಟಿದರೆ ಮಾತ್ರ ಹಬೆ ಎಲೆಗೆ ಬಡಿದು, ತಣಿದು, ತುದಿಗೆ ಇಳಿದು ಕಲ್ಲುಬಾನಿಗೆ ತೊಟ್ಟಿಕ್ಕುತ್ತದೆ. ಸರಿಯಾಗಿ ಒಟ್ಟಿದರೆ ಬೆಳಗಾಗುವಷ್ಟರಲ್ಲಿ ಐದಾರು ಕೊಡ. ತೆಂಕಣ ಬಿಸಿಗಾಳಿ ಬೀಸಿದ ದಿನ ಒಂದು ಕೊಡವೂ ಕಷ್ಟ. ಹದಿನೈದು ದಿನಕ್ಕೊಮ್ಮೆ ಸೊಪ್ಪು ಬದಲಿಸಬೇಕು, ಇಲ್ಲದಿದ್ದರೆ ನೀರು ಕಹಿ. ಯಾವ ಪೊದೆಯ ಸೊಪ್ಪು ಕಹಿ, ಯಾವುದು ಸಪ್ಪೆ, ಎಲ್ಲ ಅವಳ ನಾಲಿಗೆಗೆ ಗೊತ್ತು. ಕೊನೆಯ ಇಪ್ಪತ್ತು ವರ್ಷ ಇಡೀ ದ್ವೀಪದಲ್ಲಿ ಈ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ. ಬೇರೆಯವರು ಮೇಕೆ ಬಿಟ್ಟರು, ಅವಳು ಬಿಡಲಿಲ್ಲ. ಹದಿನಾಲ್ಕು ಮೇಕೆ, ದಿನಕ್ಕೆ ಹಾಲು ಒಡೆಸಿ ಒತ್ತಿದ ಎರಡು ಅಚ್ಚು ಗಿಣ್ಣು, ಅಷ್ಟೇ ಸಂಸಾರ. ಗಂಡ ಬಸ್ತಿಯಾನೊ ಮೀನಿನ ದೋಣಿಯಿಂದ ಕೆಮ್ಮು ತಂದು ಎರಡು ಚಳಿಗಾಲದಲ್ಲಿ ಮುಗಿದಿದ್ದ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ಮಾತಾಡಿದ್ದನ್ನು ನಾನು ಕೇಳಿಲ್ಲ.

ನನಗೆ ಅವಳು ಗೊತ್ತಾದದ್ದು ಎಂಬತ್ನಾಲ್ಕನೇ ಇಸವಿಯಲ್ಲಿ. ಕಪ್ಪುಕಲ್ಲಿನ ಗಣಿಗೆ ಗುಡ್ಡ ಕೊಡುವುದಿಲ್ಲವೆಂದು ನಾವು ರಸ್ತೆಗೆ ಅಡ್ಡ ಮಲಗಿದ್ದೆವು. ಐದನೇ ದಿನ ನಮ್ಮ ಜನ ಕರಗಿ ಎಂಟಾಗಿದ್ದರು, ಪೊಲೀಸರು ಮೂವತ್ತು. ಅಷ್ಟರಲ್ಲಿ ಇವಳು ಹತ್ತೊಂಬತ್ತು ಮೇಕೆ ಹೊಡೆದುಕೊಂಡು ಬಂದಳು. ಮೇಕೆಗಳು ಲಾರಿಯ ಮುಂದೆ ಮಲಗಿ ಮೆಲುಕು ಹಾಕಿದವು. ನಮ್ಮ ಕರಪತ್ರಗಳನ್ನೂ ತಿಂದವು.

"ಯಾರದಮ್ಮ ಈ ಮೇಕೆ?" ಅಂತ ಅಧಿಕಾರಿ ಕೂಗಿದ.

"ಅವನ್ನೇ ಕೇಳಿ ಸ್ವಾಮಿ. ನಾನು ಅವುಗಳ ಹಿಂದೆ ಬಂದವಳು."

ಆ ಗಣಿ ಬರಲಿಲ್ಲ. ಹಾಗಾಗಿ ನನಗೆ ಅವಳ ಋಣವಿತ್ತು. ಆಮೇಲೆ ನಾನು ಅವಳಿಗೆ ಮಾಡಿದ ಉಪಕಾರ ಏನು ಅನ್ನುವುದನ್ನೂ ಹೇಳಿಯೇ ಬಿಡುತ್ತೇನೆ.

ಮೇಲಿನ ಇಳಿಜಾರು ವಿತುತ್ಸಾ ಮತ್ತು ತಂಗಿ ಆಗತಾ ಇಬ್ಬರ ಹೆಸರಿನಲ್ಲಿತ್ತು. ಆಗತಾ ಸಮುದ್ರದಾಚೆಯ ಟ್ರಾಪನಿ ಪಟ್ಟಣದಲ್ಲಿ ಮದುವೆಯಾಗಿ ನಲವತ್ತು ವರ್ಷ. ಮಾಡು ಕುಸಿದ ಮೂರು ಕಲ್ಲುಮನೆ, ಹನ್ನೊಂದು ಮೆಟ್ಟಿಲು ಹೊಲ, ಉಳಿದದ್ದು ಬಂಡೆ. ಮೂರು ವರ್ಷದ ಹಿಂದೆ ಹೊರಗಿನ ಕಂಪನಿಯೊಂದು ಅದನ್ನು ಕೇಳಿತು. ದಣಿದ ಶ್ರೀಮಂತರು ಬಂದು ಮೈಮನಸ್ಸು ನೆಟ್ಟಗೆ ಮಾಡಿಕೊಂಡು ಹೋಗುವ ಆರೋಗ್ಯಧಾಮದ ಮನೆಗಳು. ಹಳೆಯ ಕಲ್ಲಿನಲ್ಲೇ ಕಟ್ಟುತ್ತೇವೆ, ಬಿಸಿಲಿನಿಂದಲೇ ವಿದ್ಯುತ್ತು, ಒಂದು ಹನಿ ನೀರು ಪೋಲಾಗುವುದಿಲ್ಲ ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ.

ಆಗತಾ ಫೋನಿನಲ್ಲಿ, "ಅಕ್ಕಾ, ಆ ಬಂಡೆ ಇಟ್ಕೊಂಡು ಮ್ಯಾಲೆ ಹೋಗ್ತೀಯಾ? ನನ್ನ ಪಾಲು ನಂಗೆ ಕೊಡು" ಅಂದಳು. ಮನೆ, ಕೊಟ್ಟಿಗೆ ಇಟ್ಟುಕೊಂಡು ಮೇಲಿನದನ್ನು ಕೊಡಲು ವಿತುತ್ಸಾ ಒಪ್ಪಿದಳು. ನನ್ನನ್ನು ಕರೆದಳು. "ಗಾಸ್ಪಾರೆ, ನೀನು ನಲವತ್ತು ವರ್ಷದಿಂದ ಕಾಗದ ಓದಿ ಓದಿ ಜನರ ಹತ್ರ ಬೈಸ್ಕೊಂಡವನು. ಬಾ, ನಂದೂ ಓದು."

ಕ್ರಯಪತ್ರ ಬರೆಯುವ ನೋಟರಿ ಗುರುವಾರಗಳಲ್ಲಿ ಮಾತ್ರ ದ್ವೀಪಕ್ಕೆ ಬರುತ್ತಾನೆ, ಸಂಜೆ ಹಡಗಿಗೆ ವಾಪಸ್ಸು. ಅವತ್ತು ಅವನು ಎರಡು ಸಲ ಗಡಿಯಾರ ನೋಡುವಷ್ಟರಲ್ಲಿ ನಾವು ಶುರು ಮಾಡಿದೆವು. ಮನೆಯ ತೊಟ್ಟಿ, ಅದಕ್ಕೆ ನೀರಿಳಿಸುವ ಮಾಡು, ಆ ಮಾಡಿನ ಮೇಲೆ ಯಾರೂ ಏನನ್ನೂ ಇಡಬಾರದು. ಬರೆಯಿರಿ. ಕತ್ತೆ ಹೊರೆ ಹೊತ್ತು ನಡೆಯುವಷ್ಟು ಅಗಲದ ದಾರಿ. ಬರೆಯಿರಿ. ಹನ್ನೊಂದು ಮೆಟ್ಟಿಲ ಗೋಡೆಗಳಲ್ಲಿ ಬೇರುಬಿಟ್ಟ ಕೇಪರ್ ಗಿಡಗಳಿಂದ ಉಪ್ಪಿಗೆ ಹಾಕಲು ಕೀಳುವ ಮೊಗ್ಗು ಅವಳಿರುವತನಕ ಅವಳದು. ಬರೆಯಿರಿ. ದುಂಡನೆಯ ಕಲ್ಲುಗೋಡೆಯೊಳಗೆ ಗಾಳಿಗೆ ಹೆದರಿ ನಿಂತಿರುವ ಒಂದೇ ಒಂದು ಕಿತ್ತಳೆ ಮರ.

"ಒಂದು ಮರಕ್ಕೆ ಒಂದು ಪ್ಯಾರಾನಾ ಅಮ್ಮ?" ಅಂದ ನೋಟರಿ.

"ನಿಮಗದು ಒಂದೇ ಪ್ಯಾರಾ, ನಂಗೂ ಇರೋದು ಒಂದೇ ಮರ. ಅದಕ್ಕೇ ಬರೀರಿ."

ಕಂಪನಿಯ ಪರವಾಗಿ ಬಂದಿದ್ದ ವಾಸ್ತುಶಿಲ್ಪಿ ಲುದೋವಿಕಾ ಎಲ್ಲದಕ್ಕೂ ತಲೆಯಾಡಿಸಿದಳು. ಮೂವತ್ತೈದರ ಹೆಣ್ಣು, ಮೆತ್ತನೆ ಮಾತು. "ಎಲ್ಲ ನಿಮ್ಮಿಷ್ಟದ ಹಾಗೇ ಆಗಲಿ ಅಮ್ಮ. ಇನ್ನೇನಾದರೂ ಇದೆಯಾ?" ಅಂತ ಅವಳಾಗಿಯೇ ಕೇಳಿದಳು.

ವಿತುತ್ಸಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಏನಿಲ್ಲ" ಅಂದೆವು.

ಸಾಕ್ಷಿ ಸಹಿ ನನ್ನದು. ಹೊರಗೆ ಬಂದು ಇಬ್ಬರೂ ಒಂದೊಂದು ಲೋಟ ಸಿಹಿ ವೈನ್ ಕುಡಿದೆವು. ಕಂಪನಿಯವರನ್ನು ಕಟ್ಟಿಹಾಕಿದೆವು ಅಂತ ನಾನು ಜಂಬ ಕೊಚ್ಚಿದೆ.

ಫವಾರ ನಮ್ಮ ತಲೆಗೇ ಬರಲಿಲ್ಲ. ದ್ವೀಪದವರ ತಲೆ ಹೀಗೆಯೇ ಓಡುವುದು. ತೊಟ್ಟಿಗಾಗಿ ಅಣ್ಣತಮ್ಮಂದಿರು ಕೊಡಲಿ ಎತ್ತಿದ್ದಾರೆ, ಮರಕ್ಕಾಗಿ ಕೋರ್ಟಿಗೆ ಹೋಗಿದ್ದಾರೆ. ಹಬೆಗಾಗಿ ಯಾರೂ ಜಗಳವಾಡಿರಲಿಲ್ಲ. ಅದು ಬೆಟ್ಟದ ಉಸಿರು. ನೋಟರಿಯ ಮುಂದೆ ಕೂತು ಉಸಿರು ನನ್ನದು ಅಂತ ಬರೆಸುವವನಿಗೆ ನಮ್ಮಲ್ಲಿ ಹುಚ್ಚ ಅಂತಾರೆ.

ಆ ಚಳಿಗಾಲವೆಲ್ಲ ಮೇಲೆ ಕೆಲಸ ನಡೆಯಿತು. ನಮ್ಮೂರಿನ ಮೇಸ್ತ್ರಿಗಳೇ ಹೋದರು. ಗುಮ್ಮಟಗಳನ್ನು ಹಳೆಯ ಕ್ರಮದಲ್ಲೇ ಮರದ ಕೊಡತಿಯಿಂದ ಬಡಿದು ಬಡಿದು ಗಟ್ಟಿ ಮಾಡಿದರು. ಲುದೋವಿಕಾ ಕಿತ್ತಳೆ ಮರಕ್ಕೆ ಬೇಲಿ ಹಾಕಿಸಿದಳು, ಕೇಪರ್ ಬೇರಿಗೆ ಪೆಟ್ಟಾಗದಂತೆ ಕಾದಳು, ಕತ್ತೆದಾರಿಯನ್ನು ಬರೆದದ್ದಕ್ಕಿಂತ ಒಂದು ಗೇಣು ಹೆಚ್ಚೇ ಅಗಲ ಬಿಟ್ಟಳು. ವಿತುತ್ಸಾ ಎಂದಿನಂತೆ ಬೆಳಗ್ಗೆ ಹೋಗಿ ಬಾನಿ ಬಗ್ಗಿಸುತ್ತಿದ್ದಳು. ಯಾರೂ ಬೇಡ ಅನ್ನಲಿಲ್ಲ.

ಮಾರ್ಚ್ ತಿಂಗಳಲ್ಲಿ ಅವಳಿಗೆ ಜ್ವರ ಬಂತು. ಎಂಟು ದಿನ ಹಾಸಿಗೆ. ತೊಟ್ಟಿ ತುಂಬಿದ್ದ ಕಾಲ, ಮೇಕೆಗಳಿಗೆ ಅದರಿಂದಲೇ ನಾನು ನೀರೆತ್ತಿದೆ. ಒಂಬತ್ತನೇ ದಿನ ಅವಳು ಮೇಲೆ ಹೋದಳು, ಹಿಂದೆ ನಾನು. ಸೊಪ್ಪಿನ ಗುಡ್ಡೆಯನ್ನು ತೆಗೆದು ಅಚ್ಚುಕಟ್ಟಾಗಿ ಪಕ್ಕಕ್ಕೆ ಜೋಡಿಸಿದ್ದರು. ಬಿರುಕಿನ ಸುತ್ತ ಕಾಂಕ್ರೀಟಿನ ಬಳೆ. ಅದರ ಮೇಲೆ ಮರದ ಚಂದದ ಗೂಡು, ಒಳಗೆ ಬೆಂಚು, ಬಾಗಿಲಿಗೆ ಹಿತ್ತಾಳೆ ಚಿಲಕ. ಅತಿಥಿಗಳು ಒಳಗೆ ಕೂತು ಬೆವರುವ ಜಾಗ.

ವಿತುತ್ಸಾ ಬಾನಿಯನ್ನು ಹುಡುಕಿದಳು. ಬಾಗಿಲ ಪಕ್ಕ ಇಟ್ಟು ಅದರಲ್ಲಿ ಲ್ಯಾವೆಂಡರ್ ನೆಟ್ಟಿದ್ದರು.

ಲುದೋವಿಕಾ ಓಡಿ ಬಂದಳು. "ಅಮ್ಮ, ಹುಷಾರಾದ್ರಾ? ಸೂಪ್ ಕಳಿಸಿದ್ದೆ, ಕುಡಿದ್ರಾ?"

"ಕುಡಿದೆ. ನನ್ನ ಮೇಕೆ ಏನು ಕುಡೀಬೇಕು?"

ಹುಡುಗಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬಿಳಿಚಿಕೊಂಡಿತು. ಮುದುಕಿ ಬೆಳಗ್ಗೆ ಸೊಪ್ಪು ಒಟ್ಟುವುದನ್ನು ಅವಳು ನೋಡಿದ್ದಳು. ಅದು ಯಾವುದೋ ಹಳೆಯ ಹರಕೆ ಅಂದುಕೊಂಡಿದ್ದಳಂತೆ. ಒಂದು ಫೋಟೊ ತೆಗೆದು ಕಂಪನಿಯ ಪುಸ್ತಕದಲ್ಲೂ ಹಾಕಿದ್ದಳು.

"ಅವತ್ತು ನೋಟರಿ ಹತ್ರ ಕೇಳಿದೆನಲ್ಲಮ್ಮ, ಇನ್ನೇನಾದರೂ ಇದೆಯಾ ಅಂತ. ಒಂದು ಮಾತು ಹೇಳಿದ್ದರೆ ನಕ್ಷೆಯನ್ನೇ ಬದಲಾಯಿಸ್ತಿದ್ದೆ. ಗೂಡನ್ನು ಇಪ್ಪತ್ತು ಹೆಜ್ಜೆ ಆಚೆ ಕಟ್ಟಿ ವಿದ್ಯುತ್ತಿನಿಂದ ಕಾಯಿಸಬಹುದಿತ್ತು. ಈಗ ಪರವಾನಗಿ ಬಂದಿರೋದೇ ಈ ಗೂಡಿಗೆ."

"ಹೇಳಬೇಕು ಅಂತ ಗೊತ್ತಿರಲಿಲ್ಲ ಮಗಳೇ" ಅಂದಳು ವಿತುತ್ಸಾ.

ಬೈದಿದ್ದರೆ ಚೆನ್ನಾಗಿತ್ತು.

ಲುದೋವಿಕಾ ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. ಗೂಡಿನ ಗೋಡೆಗೆ ಹತ್ತಿ ಇಳಿಯುವ ನೀರನ್ನು ಕೊಳವೆಯಲ್ಲಿ ಹೊರಗೆ ಬಿಟ್ಟಳು. ಹಿಂಡಿನ ಮುಂದಾಳು ಮೇಕೆ ಬದೆಸ್ಸಾ, ಹೆಸರಿನ ಅರ್ಥ ಮಠದ ದೊಡ್ಡಮ್ಮ, ಹತ್ತಿರ ಹೋಗಿ ಮೂಸಿತು, ಸೀನಿತು, ತಿರುಗಿ ನಮ್ಮನ್ನೇ ನೋಡಿತು. ಅತಿಥಿಗಳ ಬೆವರು, ನೀಲಗಿರಿ ಎಣ್ಣೆ, ಸಾಬೂನು.

"ಇದನ್ನ ನೀನು ಕುಡೀತೀಯಾ?" ಅಂದಳು ವಿತುತ್ಸಾ ನನಗೆ. "ಮತ್ತೆ ಅದನ್ನ ಯಾಕೆ ಹಾಗೆ ನೋಡ್ತೀಯಾ?"

ಆರೋಗ್ಯಧಾಮದ ತೊಟ್ಟಿಯಿಂದ ದಿನಕ್ಕೆ ಐದು ಕೊಡ ಕೊಡಿ ಅಂತ ನಾನು ಕೇಳಿದೆ. ಲುದೋವಿಕಾ ಕಂಪನಿಗೆ ಬರೆದಳು. ಉತ್ತರ ಬಂತು. ಅವರಿಗೆ ಪರಿಸರದ ಪ್ರಮಾಣಪತ್ರವೊಂದಿದೆ. ತಲೆಗೆ ಇಷ್ಟು ಲೀಟರ್ ಅಂತ ಲೆಕ್ಕ. ಮೇಕೆಯ ತಲೆ ಆ ಲೆಕ್ಕದಲ್ಲಿ ಬರುವುದಿಲ್ಲ. ಮೀರಿದರೆ ಪ್ರಮಾಣಪತ್ರ ಹೋಗುತ್ತದೆ, ಪ್ರಮಾಣಪತ್ರ ಹೋದರೆ ಅತಿಥಿಗಳು ಹೋಗುತ್ತಾರೆ.

ನಾನು ಕಚೇರಿ ಅಲೆದೆ. ಅದು ನನಗೆ ಬರುವ ಒಂದೇ ಕೆಲಸ. ಹಳೆಯ ಬಳಕೆಯ ಹಕ್ಕು ಅಂತ ಒಂದಿದೆ, ಅದಕ್ಕೆ ಲಿಖಿತ ಪುರಾವೆ ಬೇಕು ಅಂದರು. ಪುರಾವೆ ಎಲ್ಲಿ? ಮೇಕೆಗಳ ವೈದ್ಯರು ವರ್ಷವರ್ಷ ಬಂದು ತುಂಬುವ ಪುಸ್ತಕದಲ್ಲಿ ಕುಡಿಯುವ ನೀರಿನ ಮೂಲ ಅಂತ ಒಂದು ಸಾಲಿದೆ. ಇಪ್ಪತ್ತಾರು ವರ್ಷದ ಪುಸ್ತಕ ತೆಗೆದು ನೋಡಿದೆ. ಎಲ್ಲದರಲ್ಲೂ ಮನೆಯ ತೊಟ್ಟಿ ಅಂತಲೇ ಇದೆ.

"ಯಾಕೆ ಹೀಗೆ ಬರೆಸಿದೆ ವಿತುತ್ಸಾ?"

"ಸರ್ಕಾರದವರಿಗೆ ನೀರಿನ ಜಾಗ ತೋರಿಸ್ಬೇಡ ಅಂತ ಅಪ್ಪ ಹೇಳಿದ್ದ. ತೋರಿಸಿದ್ರೆ ಕಂದಾಯ ಹಾಕ್ತಾರೆ ಅಂತ."

ಟ್ರಾಪನಿಯ ವಕೀಲರೊಬ್ಬರಿಗೆ ಕಾಗದ ಕೊಟ್ಟೆ. ದಾವೆ ಹಾಕುತ್ತೇನೆ, ಗೆಲ್ಲುವ ಮಾತು ಆಮೇಲೆ ಅಂದರು.

ಉಳಿದದ್ದು ರಸ್ತೆ. ಮೇ ತಿಂಗಳ ಒಂದು ಸೋಮವಾರ ಬೆಳಗ್ಗೆ ಏಳಕ್ಕೆ ಗೇಟಿನ ಮುಂದೆ ಕೂರೋಣ ಅಂತ ಊರಿಗೆಲ್ಲ ಹೇಳಿದೆ. ಹನ್ನೊಂದು ಜನ ಬಂದರು. ಎಂಟು ಗಂಟೆಗೆ ಅವರಲ್ಲಿ ಆರು ಜನ ಎದ್ದು, ಬಟ್ಟೆ ಕೊಡವಿಕೊಂಡು, ಅದೇ ಗೇಟಿನೊಳಗೆ ಹೊರಟರು.

"ಎಲ್ಲಿಗ್ರೋ?"

"ಕೆಲಸಕ್ಕೆ, ಗಾಸ್ಪಾರೆ ಮಾಮ. ಬೈಬೇಡ. ಊಟಕ್ಕೆ ಬಿಟ್ಟಾಗ ಬಂದು ಘೋಷಣೆ ಕೂಗ್ತೀವಿ."

ಉಳಿದ ಐವರು ಕೂತೆವು. ಒಳಗಿನಿಂದ ಬಿಳಿ ಬಟ್ಟೆಯ ಅತಿಥಿಗಳು ಪುದೀನ ಕಷಾಯ ತಂದುಕೊಟ್ಟರು. ಒಬ್ಬಾಕೆ ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಪಿಸುಮಾತಿನಲ್ಲಿ, "ಇವತ್ತು ಎಷ್ಟು ಹೊತ್ತು ಮೌನ?" ಅಂದಳು.

"ಮೌನ ಅಲ್ಲಮ್ಮ, ಧರಣಿ."

"ಓ, ತುಂಬಾ ಚೆನ್ನಾಗಿದೆ" ಅಂದು ಮತ್ತೆ ಕಣ್ಣು ಮುಚ್ಚಿದಳು.

ಲಾಠಿ ಎದುರಿಸಿದ್ದೇನೆ. ಎರಡು ಪಕ್ಕೆಲುಬು ಮುರಿಸಿಕೊಂಡಿದ್ದೇನೆ. ಕಷಾಯ ಕೊಡುವವರನ್ನು ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ವಿತುತ್ಸಾ ಲೋಟ ಖಾಲಿ ಮಾಡಿ, ಎದ್ದು, "ಹಾಲು ಕರೀಬೇಕು" ಅಂತ ಹೊರಟಳು.

ಅವಳ ಲೆಕ್ಕ ಬೇರೆಯೇ ಇತ್ತು. ಬೆಟ್ಟದ ಒಂದು ಬಾಯಿ ಮುಚ್ಚಿದರೆ ಅದು ಇನ್ನೊಂದು ತೆರೆಯುತ್ತದೆ ಅಂತ ಮೊಮ್ಮೊ ಹೇಳುತ್ತಿದ್ದನಂತೆ. ನಸುಕಿನಲ್ಲಿ ನೆಲ ತಣ್ಣಗಿರುವಾಗ ಹೋಗಿ ಇಬ್ಬನಿ ಕೂರದ ಜಾಗ ಹುಡುಕುತ್ತಿದ್ದಳು. ಅಲ್ಲಿ ಅಂಗೈ ಊರಿ ಕೂರುತ್ತಿದ್ದಳು, ಮಗುವಿನ ಹಣೆ ಮುಟ್ಟಿದ ಹಾಗೆ. ತನ್ನ ಕೊಟ್ಟಿಗೆಯ ಹಿಂದೆ, ತನ್ನದೇ ನೆಲದಲ್ಲಿ, ಒಂದು ಪೊದೆಯ ಬುಡ ಬೆಚ್ಚಗಿದ್ದದ್ದು ಸಿಕ್ಕಿತು. ಅಗೆದು, ಸೊಪ್ಪು ಒಟ್ಟಿ, ಕೆಳಗೆ ಬೋಗುಣಿ ಇಟ್ಟಳು. ಹದಿನೈದು ದಿನ ಕಾದಳು. ನಾನು ಹೋದಾಗ ಬೋಗುಣಿ ತೋರಿಸಿದಳು. ಕಾಫಿ ಬಟ್ಟಲಿನಷ್ಟು ನೀರು.

"ಇನ್ನೂ ಹಸಿ ಬಾಯಿ. ದೊಡ್ಡದಾಗುತ್ತೆ" ಅಂದೆ ನಾನು, ಏನಾದರೂ ಹೇಳಬೇಕಲ್ಲ ಅಂತ.

"ಆಗುತ್ತೆ. ಮೇಕೆಗಳಿಗೆ ಹೇಳ್ತೀನಿ, ಇನ್ನೂರು ವರ್ಷ ಬಾಯಾರಿಕೆ ತಡ್ಕೊಳ್ಳಿ ಅಂತ."

ಹಸಿ ಮೇವಿದ್ದಷ್ಟು ದಿನ ಮೇಕೆಗಳು ಅದರ ತೇವದಲ್ಲೇ ತಡೆದುಕೊಂಡವು. ಜೂನ್ ಕೊನೆಗೆ ಅವಳು ಮೇಕೆಗಳಿಗೆ ತೊಟ್ಟಿಯ ನೀರು ಹಾಕುತ್ತಿದ್ದಳು. ಊರಿಗೆಲ್ಲ ಗೊತ್ತಿತ್ತು, ಯಾರೂ ಮಾತಾಡಲಿಲ್ಲ. ನೀರಿನ ಲಾರಿ ಅವಳ ಮನೆಯತನಕ ಹತ್ತುವುದಿಲ್ಲ, ದಾರಿ ಕತ್ತೆಯದು. ಲಾರಿ ನಿಲ್ಲುವ ಜಾಗದಿಂದ ನಾನೂ ನನ್ನ ಕತ್ತೆಯೂ ದಿನಕ್ಕೆರಡು ಸಲ ಹೊತ್ತೆವು. ಹತ್ತು ದಿನಕ್ಕೆ ಕತ್ತೆಯ ಬೆನ್ನು ಹುಣ್ಣಾಯಿತು, ನನ್ನ ಮಂಡಿ ಊದಿತು. ಜುಲೈ ಎರಡನೇ ವಾರ ತೊಟ್ಟಿಗೆ ಬಿಟ್ಟ ಬಕೆಟ್ಟು ಕೆಸರು ಹೊತ್ತು ಬಂತು. ಅವಳು ಅದನ್ನು ಬಟ್ಟೆಯಲ್ಲಿ ಸೋಸಿ, ಮೊದಲ ಲೋಟ ಮೇಕೆಯ ಮುಂದಿಟ್ಟಳು.

"ಕಲೋಜೆರೊಗೆ ಹೇಳಿಬಿಡು, ಮೇಕೆ ಅವನೇ ಇಟ್ಕೊಳ್ಳಲಿ" ಅಂದಳು.

ಕಲೋಜೆರೊ ದ್ವೀಪದ ಆಚೆ ಬದಿಯವನು. ಅವನ ಹೊಲದ ಕೆಳಗೆ, ಸಮುದ್ರದ ಅಂಚಿನಲ್ಲಿ, ಅರೆ ಉಪ್ಪಿನ ಬಾವಿಯಿದೆ. ಮೇಕೆಗೆ ಆಗುತ್ತದೆ. ನಾಲ್ಕು ಗಂಟೆಯ ದಾರಿ. ಮೇಕೆಗಳು ಬೇರೆಯವರ ಹಿಂದೆ ಹೋಗುವುದಿಲ್ಲ ಅಂತ ಅವಳೇ ಮುಂದೆ ನಡೆದಳು, ಹದಿನಾಲ್ಕೂ ಹಿಂದೆ. ಕಲೋಜೆರೊ ಹಣ ಚಾಚಿದರೆ, "ಗಿಣ್ಣು ಕಳಿಸು, ಸಾಕು" ಅಂದಳಂತೆ. ವಾಪಸ್ಸು ಬಂದವಳು ಎರಡು ದಿನ ಮಲಗಿದಳು. ಜ್ವರವೇನಿಲ್ಲ, ಎದ್ದು ಮಾಡುವುದಕ್ಕೆ ಏನಿದೆ ಅಂದಳು.

ನಾಲ್ಕನೇ ದಿನ ಲುದೋವಿಕಾ ನನಗೆ ಫೋನು ಮಾಡಿದಳು. ಅಳುತ್ತಿದ್ದಳು. "ಬೇಗ ಬನ್ನಿ. ಅಮ್ಮನ್ನೂ ಕರ್ಕೊಂಡು ಬನ್ನಿ. ಅವು ವಾಪಸ್ ಬಂದಿವೆ."

ಹದಿನಾಲ್ಕು ಮೇಕೆ ಹಬೆಯ ಗೂಡಿನ ಸುತ್ತ ನಿಂತಿದ್ದವು. ಬೆಟ್ಟ ಹತ್ತಿ, ಬಿಸಿಲಿನಲ್ಲಿ, ನೀರಿದ್ದ ಜಾಗಕ್ಕೆ ಬಂದಿದ್ದವು. ಬದೆಸ್ಸಾ ಹಿತ್ತಾಳೆ ಚಿಲಕವನ್ನು ನೆಕ್ಕುತ್ತಿತ್ತು. ಅದರ ಮೇಲೆ ಹಬೆ ಕೂತು ಒದ್ದೆಯಾಗಿತ್ತು. ಒಳಗೆ ಕೂತಿದ್ದ ಇಬ್ಬರು ಅತಿಥಿಗಳು ಹೊರಗೆ ಬರಲು ಹೆದರಿ ಗಾಜಿಗೆ ಮುಖವೊತ್ತಿ ನೋಡುತ್ತಿದ್ದರು. ಟವೆಲ್ಲು ಸುತ್ತಿಕೊಂಡ ಇನ್ನೊಬ್ಬ ಫೋಟೊ ತೆಗೆಯುತ್ತಿದ್ದ.

ಲುದೋವಿಕಾಳ ಕೈಯಲ್ಲಿ ಬಕೆಟ್ಟಿತ್ತು, ನೀರು ತುಂಬಿದ್ದು. "ಇವತ್ತೊಂದು ದಿನ ನಾನೇ ಕೊಡ್ತೀನಮ್ಮ. ಯಾರು ಕೇಳ್ತಾರೆ ನೋಡೋಣ."

ವಿತುತ್ಸಾ ಅವಳ ಮಣಿಕಟ್ಟು ಹಿಡಿದಳು. "ಇವತ್ತು ಕೊಟ್ರೆ ನಾಳೆನೂ ಬರ್ತವೆ. ನಾಳೆ ಕೊಡ್ತೀಯಾ?"

ಲುದೋವಿಕಾ ಗೂಡಿನ ಕಡೆ ತಿರುಗಿ ನೋಡಿದಳು.

"ನಾಡಿದ್ದು?"

ಹುಡುಗಿ ಬಕೆಟ್ಟು ಕೆಳಗಿಟ್ಟಳು. ಬದೆಸ್ಸಾ ಅದರ ಕಡೆ ತಿರುಗಿತು. ವಿತುತ್ಸಾ ಬಕೆಟ್ಟನ್ನು ಕಾಲಿನಿಂದ ಉರುಳಿಸಿದಳು. ನೀರು ಬೂದಿಮಣ್ಣಿನಲ್ಲಿ ಎರಡು ಮಾರು ಕೂಡ ಓಡಲಿಲ್ಲ, ಇಂಗಿಹೋಯಿತು. ಮೇಕೆಗಳು ಒದ್ದೆ ನೆಲಕ್ಕೆ ಮೂತಿ ಹಚ್ಚಿದವು. ಆಗ ಅವಳು ಕೋಲೆತ್ತಿ ಬದೆಸ್ಸಾಳ ಬೆನ್ನಿಗೆ ಬಾರಿಸಿದಳು. ಅವಳು ಮೇಕೆಗೆ ಹೊಡೆದದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ. ಒಂದಲ್ಲ, ನಾಲ್ಕೈದು ಏಟು, ಅದು ಗೂಡಿನಿಂದ ದೂರ ಸರಿಯುವತನಕ. "ಇಲ್ಲಿಲ್ಲ! ಇಲ್ಲಿಲ್ಲ ಕಣೇ! ಹೋಗ್!"

ಮೊದಲು ನನ್ನ ಮನೆಯಲ್ಲಿ ಇದ್ದಷ್ಟು ನೀರು ಕುಡಿಸಿದೆವು. ಆಮೇಲೆ ಮತ್ತೆ ನಾಲ್ಕು ಗಂಟೆ ನಡೆದೆವು. ಆ ಬೇಸಿಗೆ ಅವು ಇನ್ನೂ ಎರಡು ಸಲ ಬಂದವು. ಎರಡು ಸಲವೂ ಅವಳೇ ಹೋಗಿ ಹೊಡೆದು ಅಟ್ಟಿದಳು. ಮೂರನೇ ಸಲಕ್ಕೆ ಕಲೋಜೆರೊ ಬದೆಸ್ಸಾಳನ್ನು ಗೂಟಕ್ಕೆ ಕಟ್ಟಿದ. ಉಳಿದವು ದಾರಿ ಮರೆತವು.

ನವೆಂಬರಿನಲ್ಲಿ ವಕೀಲರ ಕಾಗದ ಬಂತು. ದಾವೆ ದಾಖಲಾಗಿದೆ, ವಿಚಾರಣೆಗೆ ಜನವರಿಯಲ್ಲಿ ದಿನ ಕೊಟ್ಟಿದ್ದಾರೆ, ಕಕ್ಷಿದಾರರು ಬರಲೇಬೇಕು. ನಾನು ಅದನ್ನು ಹಿಡಿದು ಓಡಿದೆ. ಅವಳು ಮನೆಯ ಮುಂದೆ ಕೂತು ಉಪ್ಪಿಗೆ ಹಾಕಿದ ಕೇಪರ್ ಮೊಗ್ಗು ಆರಿಸುತ್ತಿದ್ದಳು. ಪೂರ್ತಿ ಓದಿ ಹೇಳಿದೆ. ಜನವರಿಯಲ್ಲಿ ಹಡಗು ಸರಿಯಾಗಿ ಓಡುವುದಿಲ್ಲ, ಎರಡು ದಿನ ಮೊದಲೇ ಹೋಗಿ ಆಗತಾಳ ಮನೆಯಲ್ಲಿ ಉಳಿಯೋಣ ಅಂದೆ.

"ಅಲ್ಲಿ ಹೋಗಿ ಏನಂತ ಕೇಳೋದು?"

"ಹಬೆಯ ನೀರು ಬೇಕು ಅಂತ."

"ಯಾರಿಗೆ?"

ನಾನು ಕಾಗದ ಮಡಚಿದೆ. ಅವಳು ಒಂದು ಕಲ್ಲನ್ನು ಹೆಕ್ಕಿ ಎಸೆದು, "ಬರೆದು ಹಾಕು, ಬೇಡ ಅಂತ" ಅಂದಳು.

ಬರೆದು ಹಾಕಿದೆ.